ಪ್ಲಾಸ್ಟಿಕ್ ಮತ್ತು ಪಾಲಿಮರ್ ತಂತ್ರಜ್ಞಾನದಲ್ಲಿ ಅಸೋಸಿಯೇಟ್ ಪದವಿ: ಪೋಷಕರು ಮತ್ತು ವಿದ್ಯಾರ್ಥಿಗಳು ತಿಳಿದಿರಬೇಕಾದ ವಿಷಯಗಳು

ಪರೀಕ್ಷೆಯ ಫಲಿತಾಂಶ ಬಂದ ವಾರ ಮನೆಮನೆಯಲ್ಲೂ ಒಂದೇ ಮಾತು: ಮುಂದೇನು? ವಿಜ್ಞಾನ ಓದಿದವರಿಗೆ ಕಂಪ್ಯೂಟರ್ ಸೈನ್ಸ್, ವಾಣಿಜ್ಯ ಓದಿದವರಿಗೆ ಸಿ.ಎ. ಎಂದು ಮಾತು ಹೆಚ್ಚಾಗಿ ಅಲ್ಲೇ ಸುತ್ತುತ್ತದೆ. ಪ್ಲಾಸ್ಟಿಕ್ ಸಾಮಾನಿನ ಅಂಗಡಿ, ಗೋದಾಮು ಅಥವಾ ಸಣ್ಣ ಕಾರ್ಖಾನೆ ಇರುವ ಮನೆಗಳಲ್ಲಿ ಮಾತ್ರ ಇನ್ನೊಂದು ಪ್ರಶ್ನೆಯೂ ಏಳುತ್ತದೆ. ಈ ವಸ್ತುವಿನ ಬಗ್ಗೆಯೇ ಓದುವ ಕೋರ್ಸ್ ಇದೆಯೇ? ಅಮೆರಿಕದಲ್ಲಿ ಎರಡೇ ವರ್ಷಕ್ಕೆ ಪದವಿ ಕೊಡುತ್ತಾರಂತೆ, ಹೌದೇ?

ಹೌದು, ಅಂಥ ಪದವಿ ಇದೆ. ಅದಕ್ಕೆ ಅಸೋಸಿಯೇಟ್ ಪದವಿ ಎನ್ನುತ್ತಾರೆ. ಓದು ಒಳ್ಳೆಯದು, ಕೈಗೆ ಕೆಲಸ ಕಲಿಸುವಂಥದ್ದು. ಆದರೆ ಅದು ಏಣಿಯ ಒಂದು ಮೆಟ್ಟಿಲು. ಅದರ ಮೇಲಿನ ಮೆಟ್ಟಿಲು ಯಾವುದು ಎಂದು ಮೊದಲ ದಿನವೇ ಗೊತ್ತಿದ್ದರೆ ಪ್ರಯೋಜನ. ಗೊತ್ತಿಲ್ಲದೆ ಲಕ್ಷಾಂತರ ರೂಪಾಯಿ ಖರ್ಚು ಮಾಡಿ ಹೋದರೆ ನಡುವೆ ನಿಲ್ಲಬೇಕಾದೀತು. ಈ ಪದವಿ ಏನು, ಅದರಲ್ಲಿ ಏನು ಕಲಿಸುತ್ತಾರೆ, ಎಲ್ಲಿ ಸಿಗುತ್ತದೆ, ಭಾರತದ ವಿದ್ಯಾರ್ಥಿಗೆ ಅದರ ಬೆಲೆ ಎಷ್ಟು, ನಮ್ಮ ರಾಜ್ಯದಲ್ಲೇ ಅದಕ್ಕೆ ಸಮೀಪದ ಓದು ಯಾವುದು ಎಂಬ ವಿವರ ಈ ಲೇಖನದಲ್ಲಿದೆ.

ಅಸೋಸಿಯೇಟ್ ಪದವಿ ಎಂದರೇನು?

ಅಮೆರಿಕದಲ್ಲಿ ಶಾಲೆ 12 ವರ್ಷ. ಅದು ಮುಗಿದ ಮೇಲೆ ನಾಲ್ಕು ವರ್ಷದ ಬ್ಯಾಚುಲರ್ ಪದವಿಗೆ ಸೇರಬಹುದು, ಅಥವಾ ಎರಡು ವರ್ಷದ ಅಸೋಸಿಯೇಟ್ ಪದವಿಗೆ ಸೇರಬಹುದು. ಎರಡನೆಯದನ್ನು ಹೆಚ್ಚಾಗಿ ಕೊಡುವುದು ಕಮ್ಯುನಿಟಿ ಕಾಲೇಜುಗಳು ಮತ್ತು ತಾಂತ್ರಿಕ ಕಾಲೇಜುಗಳು. ಇಲಿನಾಯ್ ರಾಜ್ಯದಲ್ಲಿ 1901ರಲ್ಲಿ ಆರಂಭವಾದ ಜೋಲಿಯೆಟ್ ಜೂನಿಯರ್ ಕಾಲೇಜನ್ನು ಅಲ್ಲಿನ ಸರ್ಕಾರಿ ಕಮ್ಯುನಿಟಿ ಕಾಲೇಜುಗಳಲ್ಲಿ ಮೊದಲನೆಯದೆಂದು ಎಣಿಸುತ್ತಾರೆ. ಮನೆಗೆ ಹತ್ತಿರದಲ್ಲಿ, ಕಡಿಮೆ ಖರ್ಚಿನಲ್ಲಿ, ಬೇಗ ಕೆಲಸಕ್ಕೆ ಸೇರುವಂಥ ಓದು ಎಂಬುದೇ ಇವುಗಳ ಉದ್ದೇಶ.

ಓದಿನ ಅಳತೆ ಕ್ರೆಡಿಟ್. ಸುಮಾರು 15 ವಾರದ ಒಂದು ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆ ಪಾಠ ನಡೆದರೆ ಅದು ಸರಿಸುಮಾರು ಒಂದು ಕ್ರೆಡಿಟ್. ಪ್ರಯೋಗಾಲಯದ ಕೆಲಸಕ್ಕೆ ಒಂದು ಕ್ರೆಡಿಟ್ ಗಳಿಸಲು ಇನ್ನೂ ಹೆಚ್ಚು ಗಂಟೆ ಬೇಕು. ಅಸೋಸಿಯೇಟ್ ಪದವಿಗೆ ಸಾಮಾನ್ಯವಾಗಿ 60 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು, ಬ್ಯಾಚುಲರ್ ಪದವಿಗೆ 120 ಅಥವಾ ಅದಕ್ಕಿಂತ ಹೆಚ್ಚು ಕ್ರೆಡಿಟ್ ಬೇಕಾಗುತ್ತದೆ.

ಅಸೋಸಿಯೇಟ್ ಪದವಿಯಲ್ಲೂ ಎರಡು ಬಗೆಯಿದೆ, ಇದನ್ನು ಗಮನಿಸಬೇಕು. ಒಂದು ಅಸೋಸಿಯೇಟ್ ಆಫ್ ಸೈನ್ಸ್, ಅಂದರೆ ಎ.ಎಸ್. ಇದು ಮುಂದೆ ಬ್ಯಾಚುಲರ್ ಪದವಿಗೆ ಹೋಗುವವರನ್ನು ಮನಸ್ಸಿನಲ್ಲಿಟ್ಟು ರೂಪಿಸಿದ್ದು. ಇನ್ನೊಂದು ಅಸೋಸಿಯೇಟ್ ಆಫ್ ಅಪ್ಲೈಡ್ ಸೈನ್ಸ್, ಅಂದರೆ ಎ.ಎ.ಎಸ್. ಇದು ನೇರವಾಗಿ ಕೆಲಸಕ್ಕೆ ಹೋಗುವವರಿಗೆ. ಪ್ಲಾಸ್ಟಿಕ್ ತಂತ್ರಜ್ಞಾನದ ಎರಡು ವರ್ಷದ ಕೋರ್ಸುಗಳು ಬಹುತೇಕ ಎರಡನೆಯ ಬಗೆಯವು. ಎ.ಎ.ಎಸ್. ಪಡೆದು ಬೇರೆ ವಿಶ್ವವಿದ್ಯಾಲಯಕ್ಕೆ ಹೋದರೆ ಎಲ್ಲ ಕ್ರೆಡಿಟ್‌ಗಳನ್ನೂ ಅವರು ಒಪ್ಪಿಕೊಳ್ಳುತ್ತಾರೆ ಎಂಬ ಖಾತ್ರಿ ಇಲ್ಲ. ಎರಡು ವರ್ಷ ಓದಿದ್ದರೂ ಮುಂದೆ ಮೂರು ವರ್ಷ ಓದಬೇಕಾಗಿ ಬರಬಹುದು. ಅದೇ ಕಾಲೇಜಿನಲ್ಲಿ ಅದೇ ವಿಷಯದ ಬ್ಯಾಚುಲರ್ ಪದವಿ ಇದ್ದರೆ ಈ ತೊಂದರೆ ಬಹಳ ಮಟ್ಟಿಗೆ ತಪ್ಪುತ್ತದೆ.

ಅಮೆರಿಕದ ಶಿಕ್ಷಣ ಇಲಾಖೆ ಪ್ರತಿ ವಿಷಯಕ್ಕೂ ಒಂದು ಸಂಖ್ಯೆ ಕೊಟ್ಟಿದೆ. ಪ್ಲಾಸ್ಟಿಕ್ ಮತ್ತು ಪಾಲಿಮರ್ ಎಂಜಿನಿಯರಿಂಗ್ ಟೆಕ್ನಾಲಜಿಯ ಸಂಖ್ಯೆ 15.0607. ಕಾಲೇಜು ಹುಡುಕುವಾಗ ಹೆಸರಿನಿಂದ ಗೊಂದಲವಾಗುವುದುಂಟು. ಒಬ್ಬರು ಪ್ಲಾಸ್ಟಿಕ್ಸ್ ಟೆಕ್ನಾಲಜಿ ಎನ್ನುತ್ತಾರೆ, ಇನ್ನೊಬ್ಬರು ಪಾಲಿಮರ್ ಎಂಜಿನಿಯರಿಂಗ್ ಟೆಕ್ನಾಲಜಿ ಎನ್ನುತ್ತಾರೆ. ಸಂಖ್ಯೆ ನೋಡಿದರೆ ಯಾವ ವಿಷಯವೆಂದು ಸ್ಪಷ್ಟವಾಗುತ್ತದೆ.

ಎಂಜಿನಿಯರಿಂಗ್ ಮತ್ತು ಎಂಜಿನಿಯರಿಂಗ್ ಟೆಕ್ನಾಲಜಿ

ಈ ಎರಡೂ ಒಂದೇ ಅಲ್ಲ. ಎಂಜಿನಿಯರಿಂಗ್ ಪದವಿಯಲ್ಲಿ ಗಣಿತದ ಭಾರ ಹೆಚ್ಚು. ಕ್ಯಾಲ್ಕುಲಸ್ ಮೇಲೆ ನಿಂತ ಪಾಠಗಳು, ವಿನ್ಯಾಸದ ಸಿದ್ಧಾಂತ, ಸಂಶೋಧನೆಯ ಕಡೆ ಒಲವು. ಎಂಜಿನಿಯರಿಂಗ್ ಟೆಕ್ನಾಲಜಿಯಲ್ಲಿ ಬೀಜಗಣಿತ ಮತ್ತು ತ್ರಿಕೋನಮಿತಿ ಮುಖ್ಯ, ಕ್ಯಾಲ್ಕುಲಸ್ ಬೇಕಾದಷ್ಟೇ. ಉಳಿದ ಹೊತ್ತು ಯಂತ್ರದ ಮುಂದೆ. ಎಂಜಿನಿಯರ್ ಅಚ್ಚಿನ ಲೆಕ್ಕಾಚಾರ ಮಾಡಿಕೊಟ್ಟರೆ, ಟೆಕ್ನಾಲಜಿ ಓದಿದವರು ಆ ಅಚ್ಚನ್ನು ಯಂತ್ರಕ್ಕೆ ಏರಿಸಿ, ಹದ ಹಿಡಿದು, ದಿನಕ್ಕೆ ಸಾವಿರಾರು ಒಳ್ಳೆಯ ಮಾಲು ಹೊರಬರುವಂತೆ ನೋಡಿಕೊಳ್ಳುತ್ತಾರೆ. ಕಾರ್ಖಾನೆಗೆ ಇಬ್ಬರೂ ಬೇಕು. ಮಗು ಯಾವುದರಲ್ಲಿ ಗಟ್ಟಿ ಎಂದು ನೋಡಿ ಆರಿಸಬೇಕೇ ಹೊರತು ಒಂದು ಮೇಲು, ಇನ್ನೊಂದು ಕೀಳು ಎಂದು ಎಣಿಸುವುದು ತಪ್ಪು.

ಎರಡು ವರ್ಷದಲ್ಲಿ ಏನು ಕಲಿಸುತ್ತಾರೆ?

ಪಟ್ಟಿ ಕೊಟ್ಟರೆ ಒಣ ಮಾತಾಗುತ್ತದೆ. ಅಡುಗೆಮನೆಯ ಡಬ್ಬಿಯ ಮುಚ್ಚಳವೊಂದನ್ನು ತೆಗೆದುಕೊಳ್ಳೋಣ. 150 ಮಿಲಿಮೀಟರ್ ಅಗಲದ, ದುಂಡಗಿನ, ಪಾಲಿಪ್ರೊಪಿಲೀನ್ ಮುಚ್ಚಳ. ಇದನ್ನು ಸರಿಯಾಗಿ ಮಾಡಲು ಏನೇನು ತಿಳಿದಿರಬೇಕು ಎಂದು ನೋಡಿದರೆ ಇಡೀ ಕೋರ್ಸಿನ ಒಳಗು ಕಾಣುತ್ತದೆ.

ಮೊದಲನೆಯದು ವಸ್ತು. ಪ್ಲಾಸ್ಟಿಕ್‌ನಲ್ಲಿ ಎರಡು ದೊಡ್ಡ ಗುಂಪು. ಬಿಸಿ ಮಾಡಿದರೆ ಕರಗಿ, ತಣಿದರೆ ಗಟ್ಟಿಯಾಗಿ, ಮತ್ತೆ ಕರಗುವವು ಥರ್ಮೋಪ್ಲಾಸ್ಟಿಕ್. ಪಾಲಿಥೀನ್, ಪಾಲಿಪ್ರೊಪಿಲೀನ್, ಪಿವಿಸಿ, ನೈಲಾನ್, ಪೆಟ್ ಈ ಗುಂಪಿನವು. ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಕರಗದವು ಥರ್ಮೋಸೆಟ್. ಹಳೆಯ ಮನೆಗಳ ಕಪ್ಪು ಸ್ವಿಚ್ಚುಗಳ ಬೇಕಲೈಟ್ ಈ ಗುಂಪಿನದು. ಲಿಯೋ ಬೇಕೆಲ್ಯಾಂಡ್ 1907ರಲ್ಲಿ ಅದನ್ನು ತಯಾರಿಸಿದರು. ಪ್ಲಾಸ್ಟಿಕ್ ಎಂದರೆ ಸಣ್ಣ ಅಣುಗಳು ಕೊಂಡಿಗೆ ಕೊಂಡಿ ಸೇರಿ ಆದ ಬಹಳ ಉದ್ದದ ಸರಪಳಿ ಎಂದು ಜರ್ಮನಿಯ ಹರ್ಮನ್ ಸ್ಟೌಡಿಂಗರ್ 1920ರಲ್ಲಿ ಹೇಳಿದಾಗ ಅನೇಕ ವಿಜ್ಞಾನಿಗಳು ಒಪ್ಪಲಿಲ್ಲ. 1953ರಲ್ಲಿ ಅವರಿಗೆ ನೊಬೆಲ್ ಬಂತು. ಸರಪಳಿ ಉದ್ದವಾದಷ್ಟೂ ಮಾಲು ಗಟ್ಟಿ, ಆದರೆ ಕರಗಿದಾಗ ಹರಿಯುವುದು ಕಷ್ಟ. ಈ ಒಂದು ವಾಕ್ಯ ತಿಳಿದವರಿಗೆ ಮುಂದಿನ ಅರ್ಧ ಪಾಠ ಸುಲಭ.

ಹರಿವನ್ನು ಅಳೆಯಲು ಮೆಲ್ಟ್ ಫ್ಲೋ ಪರೀಕ್ಷೆ ಇದೆ. ಹರಳುಗಳನ್ನು (ವ್ಯಾಪಾರದ ಮಾತಿನಲ್ಲಿ ದಾನಾ) ಬಿಸಿ ಕೊಳವೆಯಲ್ಲಿ ಕರಗಿಸಿ, ಮೇಲೆ ತೂಕವಿಟ್ಟು, ಸಣ್ಣ ರಂಧ್ರದಿಂದ 10 ನಿಮಿಷದಲ್ಲಿ ಎಷ್ಟು ಗ್ರಾಂ ಹೊರಬರುತ್ತದೆ ಎಂದು ನೋಡುತ್ತಾರೆ. ಪಾಲಿಪ್ರೊಪಿಲೀನ್‌ಗೆ ಸಾಮಾನ್ಯವಾಗಿ 230 ಡಿಗ್ರಿ ಸೆಲ್ಸಿಯಸ್ ಮತ್ತು 2.16 ಕಿಲೋ ತೂಕ. ಚೀಲದ ಮೇಲೆ ಅಚ್ಚಾಗಿರುವ ಎಂ.ಎಫ್.ಐ. ಸಂಖ್ಯೆ ಇದೇ. ತೆಳ್ಳಗಿನ ಮುಚ್ಚಳಕ್ಕೆ ಚೆನ್ನಾಗಿ ಹರಿಯುವ ದಾನಾ ಬೇಕು, ನೀರಿನ ಪೈಪಿಗೆ ನಿಧಾನವಾಗಿ ಹರಿಯುವ ಗಟ್ಟಿ ದಾನಾ ಬೇಕು. ಬೆಲೆ ಕಡಿಮೆಯೆಂದು ಒಂದರ ಜಾಗಕ್ಕೆ ಇನ್ನೊಂದನ್ನು ಹಾಕಿದರೆ ನಷ್ಟ ಖಂಡಿತ.

ಎರಡನೆಯದು ಯಂತ್ರ. ಮುಚ್ಚಳವಾಗುವುದು ಇಂಜೆಕ್ಷನ್ ಮೋಲ್ಡಿಂಗ್‌ನಿಂದ. ಅಮೆರಿಕದ ಹಯಾಟ್ ಸಹೋದರರು 1872ರಲ್ಲೇ ಇದರ ಮೊದಲ ಯಂತ್ರಕ್ಕೆ ಪೇಟೆಂಟ್ ಪಡೆದಿದ್ದರು. ಇಂದಿನ ಯಂತ್ರದಲ್ಲಿ ಬಿಸಿ ಬ್ಯಾರೆಲ್ಲಿನೊಳಗೆ ಸ್ಕ್ರೂ ತಿರುಗಿ ದಾನಾ ಕರಗಿಸುತ್ತದೆ, ಆಮೇಲೆ ಅದನ್ನು ಮುಚ್ಚಿದ ಅಚ್ಚಿನೊಳಕ್ಕೆ ಒತ್ತುತ್ತದೆ. ಒತ್ತುವಾಗ ಅಚ್ಚು ತೆರೆದುಕೊಳ್ಳದಂತೆ ಹಿಡಿದಿಡುವ ಬಲವನ್ನು ಟನ್ನಿನಲ್ಲಿ ಹೇಳುತ್ತಾರೆ. ಲೆಕ್ಕ ಸರಳ. 150 ಮಿ.ಮೀ. ಮುಚ್ಚಳದ ವಿಸ್ತೀರ್ಣ ಸುಮಾರು 177 ಚದರ ಸೆಂಟಿಮೀಟರ್. ಅಚ್ಚಿನೊಳಗಿನ ಒತ್ತಡ ಚದರ ಸೆಂಟಿಮೀಟರಿಗೆ 300 ಕಿಲೋ ಎಂದಿಟ್ಟುಕೊಂಡರೆ 53 ಟನ್ ಬಲ ಬೇಕು. 40 ಟನ್ನಿನ ಯಂತ್ರಕ್ಕೆ ಹಾಕಿದರೆ ಅಂಚಿನಲ್ಲಿ ಮಾಲು ಸೋರಿ ತೆಳು ಪದರ ಬರುತ್ತದೆ. 200 ಟನ್ನಿನದಕ್ಕೆ ಹಾಕಿದರೆ ವಿದ್ಯುತ್ತೂ ಬಂಡವಾಳವೂ ದಂಡ. ಯಂತ್ರ ಕೊಳ್ಳುವ ಮೊದಲು ಈ ಲೆಕ್ಕ ಮಾಡುವವರು ಮನೆಯಲ್ಲೇ ಒಬ್ಬರಿದ್ದರೆ ಎಷ್ಟು ಉಳಿತಾಯ ಎಂದು ವ್ಯಾಪಾರಸ್ಥರಿಗೆ ಹೇಳಬೇಕಾಗಿಲ್ಲ.

ಮೂರನೆಯದು ಅಚ್ಚು. ಪಾಲಿಪ್ರೊಪಿಲೀನ್ ತಣಿಯುವಾಗ ಸುಮಾರು ಶೇ. 1ರಿಂದ 2.5ರವರೆಗೆ ಕುಗ್ಗುತ್ತದೆ. ಶೇ. 1.5 ಎಂದರೂ 150 ಮಿ.ಮೀ. ಮುಚ್ಚಳ 2.25 ಮಿ.ಮೀ. ಕುಗ್ಗಿತು. ಅಚ್ಚು ಅಷ್ಟು ದೊಡ್ಡದಾಗಿರಬೇಕು. ಎ.ಬಿ.ಎಸ್. ಎಂಬ ಪ್ಲಾಸ್ಟಿಕ್ ಕುಗ್ಗುವುದು ಶೇ. 0.4ರಿಂದ 0.7ರಷ್ಟು ಮಾತ್ರ. ಹಾಗಾಗಿ ಒಂದಕ್ಕೆ ಮಾಡಿದ ಅಚ್ಚಿನಲ್ಲಿ ಇನ್ನೊಂದನ್ನು ಹಾಕಿದರೆ ಮುಚ್ಚಳ ಡಬ್ಬಿಗೆ ಕೂರುವುದಿಲ್ಲ. ಈ ಭಾಗದಲ್ಲಿ ಕ್ಯಾಡ್ ಚಿತ್ರ ಬಿಡಿಸುವುದು, ಅಚ್ಚಿನ ಒಳರಚನೆ, ತಣ್ಣೀರಿನ ದಾರಿ, ಗಾಳಿ ಹೊರಹೋಗುವ ದಾರಿ ಎಲ್ಲವೂ ಬರುತ್ತವೆ.

ನಾಲ್ಕನೆಯದು ಹದ. ಉಷ್ಣತೆ, ಒತ್ತಡ, ವೇಗ, ತಣಿಸುವ ಸಮಯ ಇವು ನಾಲ್ಕೂ ಒಂದಕ್ಕೊಂದು ಹೊಂದಬೇಕು. ಒಂದು ಮಾಲು ಹೊರಬರುವ ಸಮಯದಲ್ಲಿ ಹೆಚ್ಚಿನ ಪಾಲು ತಣಿಸುವುದಕ್ಕೇ ಹೋಗುತ್ತದೆ. ಒಟ್ಟು ಸಮಯ 20 ಸೆಕೆಂಡಿದ್ದರೆ ಗಂಟೆಗೆ 180 ಮುಚ್ಚಳ. ನೀರಿನ ದಾರಿ ಸರಿಪಡಿಸಿ 18 ಸೆಕೆಂಡಿಗೆ ತಂದರೆ ಗಂಟೆಗೆ 200. ಅದೇ ಯಂತ್ರ, ಅದೇ ಆಳು, ಗಂಟೆಗೆ 20 ಮುಚ್ಚಳ ಹೆಚ್ಚು. ಅನುಭವದ ಅಂದಾಜಿನಿಂದ ಗುಂಡಿ ತಿರುಗಿಸುವುದನ್ನು ಬಿಟ್ಟು, ಒಂದೊಂದೇ ಅಂಶ ಬದಲಿಸಿ, ಅಳೆದು, ಬರೆದಿಟ್ಟು ಹದ ಹಿಡಿಯುವುದನ್ನು ಇಲ್ಲಿ ಕಲಿಸುತ್ತಾರೆ.

ಐದನೆಯದು ದೋಷ ಮತ್ತು ಸುರಕ್ಷತೆ. ಮಾಲು ಅರ್ಧ ತುಂಬುವುದು, ಮೇಲ್ಮೈ ಗುಳಿ ಬೀಳುವುದು, ಸೊಟ್ಟಗಾಗುವುದು, ಸುಟ್ಟ ಕಲೆ ಬರುವುದು ಪ್ರತಿಯೊಂದಕ್ಕೂ ಕಾರಣವಿದೆ. ನೈಲಾನ್, ಪೆಟ್, ಪಾಲಿಕಾರ್ಬೊನೇಟ್ ಗಾಳಿಯ ತೇವ ಹೀರಿಕೊಳ್ಳುತ್ತವೆ. ಒಣಗಿಸದೆ ಯಂತ್ರಕ್ಕೆ ಹಾಕಿದರೆ ಬೆಳ್ಳಿ ಗೆರೆ ಬೀಳಬಹುದು, ಸರಪಳಿ ತುಂಡಾಗಿ ಮಾಲು ಪೆಡಸಾಗುತ್ತದೆ. ಪಿವಿಸಿ ಹೆಚ್ಚು ಕಾಯ್ದರೆ ಹೈಡ್ರೋಜನ್ ಕ್ಲೋರೈಡ್ ಅನಿಲ ಹೊರಡುತ್ತದೆ. ಅಸಿಟಾಲ್ ಎಂಬ ಪ್ಲಾಸ್ಟಿಕ್ ಒಡೆದಾಗ ಫಾರ್ಮಾಲ್ಡಿಹೈಡ್ ಬರುತ್ತದೆ. ಈ ಎರಡನ್ನೂ ಒಂದೇ ಬ್ಯಾರೆಲ್ಲಿನಲ್ಲಿ ಬೆರೆಯಲು ಬಿಡಬಾರದು, ಅಪಾಯ. ಇದನ್ನು ತರಗತಿಯಲ್ಲಿ ಕಲಿಯುವುದು ಒಳ್ಳೆಯದು, ಅಪಘಾತದಿಂದ ಕಲಿಯಬಾರದು.

ಇದಲ್ಲದೆ ಪೈಪು ಮತ್ತು ಹಾಳೆಗೆ ಎಕ್ಸ್‌ಟ್ರೂಷನ್, ಬಾಟಲಿಗೆ ಬ್ಲೋ ಮೋಲ್ಡಿಂಗ್, ತಟ್ಟೆ ಲೋಟಕ್ಕೆ ಥರ್ಮೋಫಾರ್ಮಿಂಗ್, ಮಹಡಿಯ ಮೇಲಿನ ನೀರಿನ ಟ್ಯಾಂಕಿಗೆ ರೊಟೇಷನಲ್ ಮೋಲ್ಡಿಂಗ್ ಕಲಿಸುತ್ತಾರೆ. ಮರುಬಳಕೆ, ಗುಣಮಟ್ಟದ ಅಂಕಿಅಂಶ, ಇಂಗ್ಲಿಷ್ ಬರವಣಿಗೆ, ರಸಾಯನಶಾಸ್ತ್ರ, ಭೌತಶಾಸ್ತ್ರವೂ ಇರುತ್ತವೆ.

ಎಲ್ಲಿ ಸಿಗುತ್ತದೆ?

ಈ ವಿಷಯವೊಂದರಲ್ಲೇ ಪೂರ್ಣ ಪದವಿ ಕೊಡುವ ಕಾಲೇಜುಗಳು ಅಮೆರಿಕದಲ್ಲೂ ಹೆಚ್ಚಿಲ್ಲ. ಒಂದೊಂದು ಯಂತ್ರಕ್ಕೂ ದೊಡ್ಡ ಹಣ ಬೇಕು, ಅದನ್ನು ಓಡಿಸಲು ದಾನಾ, ವಿದ್ಯುತ್ತು, ನುರಿತ ಸಿಬ್ಬಂದಿ ಬೇಕು. ಹಾಗಾಗಿ ಸುತ್ತಮುತ್ತ ಪ್ಲಾಸ್ಟಿಕ್ ಕೈಗಾರಿಕೆ ಇರುವ ಕಡೆಯೇ ಇಂಥ ವಿಭಾಗಗಳು ಬೆಳೆದಿವೆ.

ಮಿಷಿಗನ್ ರಾಜ್ಯದ ಬಿಗ್ ರ್‍ಯಾಪಿಡ್ಸ್ ಊರಿನಲ್ಲಿ ಫೆರಿಸ್ ಸ್ಟೇಟ್ ವಿಶ್ವವಿದ್ಯಾಲಯವಿದೆ. ವುಡ್‌ಬ್ರಿಜ್ ಫೆರಿಸ್ ಎಂಬ ಶಿಕ್ಷಕರು 1884ರಲ್ಲಿ ಆರಂಭಿಸಿದ ಶಾಲೆಯಿಂದ ಅದು ಬೆಳೆಯಿತು. ಮುಂದೆ ಅವರು ಆ ರಾಜ್ಯದ ಗವರ್ನರ್ ಕೂಡ ಆದರು. ಮಿಷಿಗನ್ ಕಾರು ತಯಾರಿಕೆಯ ನಾಡು, ಕಾರಿನ ಡ್ಯಾಶ್‌ಬೋರ್ಡಿನಿಂದ ಬಂಪರ್‌ವರೆಗೆ ಪ್ಲಾಸ್ಟಿಕ್ ಬೇಕು. ಅಲ್ಲಿ ಪ್ಲಾಸ್ಟಿಕ್ಸ್ ಟೆಕ್ನಾಲಜಿಯ ಅಸೋಸಿಯೇಟ್ ಪದವಿಯೂ, ಅದರ ಮೇಲೆ ಪ್ಲಾಸ್ಟಿಕ್ಸ್ ಎಂಜಿನಿಯರಿಂಗ್ ಟೆಕ್ನಾಲಜಿಯ ಬ್ಯಾಚುಲರ್ ಪದವಿಯೂ ಇವೆ. ರಬ್ಬರಿಗೂ ಪ್ರತ್ಯೇಕ ಓದು ಬೆಳೆದಿರುವುದು ಅಲ್ಲಿನ ವಿಶೇಷ.

ಪೆನ್ಸಿಲ್ವೇನಿಯ ರಾಜ್ಯದ ವಿಲಿಯಮ್ಸ್‌ಪೋರ್ಟ್ ಊರಿನಲ್ಲಿ ಪೆನ್ಸಿಲ್ವೇನಿಯ ಕಾಲೇಜ್ ಆಫ್ ಟೆಕ್ನಾಲಜಿ ಇದೆ. 1941ರಲ್ಲಿ ತಾಂತ್ರಿಕ ಶಾಲೆಯಾಗಿ, 1965ರಲ್ಲಿ ಕಮ್ಯುನಿಟಿ ಕಾಲೇಜಾಗಿ, 1989ರಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ಅಂಗಸಂಸ್ಥೆಯಾಗಿ ಅದು ರೂಪ ಪಡೆಯಿತು. ಇಲ್ಲಿಯೂ ಎರಡು ವರ್ಷದ ಓದು, ಅದಕ್ಕೆ ಕೂಡಿಕೊಂಡಂತೆ ನಾಲ್ಕು ವರ್ಷದ ಓದು ಇವೆ. ಕಾರ್ಖಾನೆಗಳಿಗೆ ತರಬೇತಿ ಮತ್ತು ಪರೀಕ್ಷಾ ನೆರವು ಕೊಡುವ ಪ್ಲಾಸ್ಟಿಕ್ ಕೇಂದ್ರವೂ ಅಲ್ಲಿದೆ.

ನೇರವಾಗಿ ಬ್ಯಾಚುಲರ್ ಪದವಿಗೆ ಹೋಗುವವರು ಅದೇ ಪೆನ್ಸಿಲ್ವೇನಿಯದ ಈರಿ ಊರಿನ ಪೆನ್ ಸ್ಟೇಟ್ ಬೆಹ್ರೆಂಡ್ ಅನ್ನೂ, ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಊರಿನ ವಿಶ್ವವಿದ್ಯಾಲಯವನ್ನೂ ನೋಡಬಹುದು. ಲೋವೆಲ್‌ನಲ್ಲಿ ಪ್ಲಾಸ್ಟಿಕ್ ಎಂಜಿನಿಯರಿಂಗ್ ಓದು 1954ರಲ್ಲೇ ಆರಂಭವಾಯಿತು. ಲೋವೆಲ್‌ನದು ಎಂಜಿನಿಯರಿಂಗ್ ಓದು, ಗಣಿತ ಹೆಚ್ಚು.

ಮಾನ್ಯತೆ ಹೇಗೆ ನೋಡಬೇಕು?

ಅಮೆರಿಕದಲ್ಲಿ ಮಾನ್ಯತೆ ಎರಡು ಹಂತದ್ದು. ಮೊದಲನೆಯದು ಇಡೀ ಕಾಲೇಜಿಗೆ ಸಿಗುವ ಮಾನ್ಯತೆ. ಎರಡನೆಯದು ಆ ಕೋರ್ಸಿಗೇ ಸಿಗುವ ಮಾನ್ಯತೆ. ತಾಂತ್ರಿಕ ಕೋರ್ಸುಗಳಿಗೆ ಎಬೆಟ್ ಎಂಬ ಸಂಸ್ಥೆ ಇದನ್ನು ಕೊಡುತ್ತದೆ. ಎಬೆಟ್‌ನಲ್ಲಿ ಎಂಜಿನಿಯರಿಂಗ್‌ಗೆ ಒಂದು ಆಯೋಗ, ಎಂಜಿನಿಯರಿಂಗ್ ಟೆಕ್ನಾಲಜಿಗೆ ಇನ್ನೊಂದು ಆಯೋಗ. ಎರಡನೆಯ ಆಯೋಗ ಅಸೋಸಿಯೇಟ್ ಮತ್ತು ಬ್ಯಾಚುಲರ್ ಎರಡೂ ಮಟ್ಟದ ಕೋರ್ಸುಗಳನ್ನು ನೋಡುತ್ತದೆ. ಒಂದೇ ಕಾಲೇಜಿನಲ್ಲಿ ಬ್ಯಾಚುಲರ್ ಪದವಿಗೆ ಎಬೆಟ್ ಮಾನ್ಯತೆ ಇದ್ದು ಅಸೋಸಿಯೇಟ್ ಪದವಿಗೆ ಇಲ್ಲದಿರಬಹುದು. ಎಬೆಟ್‌ನ ಜಾಲತಾಣದಲ್ಲಿ ಕಾಲೇಜಿನ ಹೆಸರು ಹಾಕಿ, ಯಾವ ಕೋರ್ಸು, ಯಾವ ಮಟ್ಟ ಎಂದು ನೀವೇ ನೋಡಿಕೊಳ್ಳಿ. ಏಜೆಂಟರ ಮಾತನ್ನಷ್ಟೇ ನಂಬಬೇಡಿ.

ವೀಸಾ ಮತ್ತು ಕೆಲಸ: ಇಲ್ಲಿ ಎಚ್ಚರ ಬೇಕು

ಈ ಭಾಗವನ್ನು ಪೋಷಕರು ಎರಡು ಸಲ ಓದಬೇಕು.

ಭಾರತದ ವಿದ್ಯಾರ್ಥಿ ಇಂಥ ಓದಿಗೆ ಸಾಮಾನ್ಯವಾಗಿ ಎಫ್-1 ವೀಸಾದಲ್ಲಿ ಹೋಗುತ್ತಾನೆ. ಓದು ನಡೆಯುವಾಗ ಕಾಲೇಜಿನ ಆವರಣದೊಳಗೆ ವಾರಕ್ಕೆ 20 ಗಂಟೆಯವರೆಗೆ ಕೆಲಸ ಮಾಡಬಹುದು. ಹೊರಗೆ ಅನುಮತಿ ಇಲ್ಲದೆ ದುಡಿಯುವಂತಿಲ್ಲ. ಓದು ಮುಗಿದ ಮೇಲೆ ಕಲಿತ ವಿಷಯದಲ್ಲೇ 12 ತಿಂಗಳವರೆಗೆ ಕೆಲಸ ಮಾಡಲು ಒ.ಪಿ.ಟಿ. ಎಂಬ ಅನುಮತಿ ಸಿಗುತ್ತದೆ. ಅಸೋಸಿಯೇಟ್ ಪದವಿಗೂ ಇದು ಅನ್ವಯಿಸುತ್ತದೆ.

ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್ ಮತ್ತು ಗಣಿತ ಓದಿದವರಿಗೆ ಇನ್ನೂ 24 ತಿಂಗಳ ವಿಸ್ತರಣೆ ಇದೆ ಎಂದು ಎಲ್ಲರೂ ಕೇಳಿರುತ್ತಾರೆ. ಪ್ಲಾಸ್ಟಿಕ್ ತಂತ್ರಜ್ಞಾನ ಆ ವಿಷಯಗಳ ಪಟ್ಟಿಯಲ್ಲೇ ಇದೆ. ಆದರೆ ಆ ವಿಸ್ತರಣೆಗೆ ಬ್ಯಾಚುಲರ್ ಅಥವಾ ಅದಕ್ಕಿಂತ ಮೇಲಿನ ಪದವಿ ಬೇಕು. ಅಸೋಸಿಯೇಟ್ ಪದವಿಗೆ ಅದು ಸಿಗುವುದಿಲ್ಲ. ಆಮೇಲೆ ಬರುವ ಎಚ್-1ಬಿ ಕೆಲಸದ ವೀಸಾಕ್ಕೂ ಬ್ಯಾಚುಲರ್ ಪದವಿ ಅಥವಾ ಅದಕ್ಕೆ ಸಮಾನವಾದದ್ದು ಬೇಕು. ಅಂದರೆ ಎರಡು ವರ್ಷದ ಪದವಿಯೊಂದನ್ನೇ ಹಿಡಿದ ವಿದ್ಯಾರ್ಥಿಗೆ ಅಲ್ಲಿ ಸಿಗುವುದು ಹೆಚ್ಚೆಂದರೆ ಒಂದು ವರ್ಷದ ಕೆಲಸ. ಅಮೆರಿಕದ ಮಕ್ಕಳಿಗೆ ಈ ಪದವಿ ನೇರ ಕೆಲಸದ ಬಾಗಿಲು, ನಮ್ಮ ಮಕ್ಕಳಿಗೆ ಅದೇ ಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಅಲ್ಲಿನವರ ಯಶಸ್ಸಿನ ಕತೆ ಕೇಳಿ ನಾವು ಲೆಕ್ಕ ಹಾಕಿದರೆ ತಪ್ಪುವುದು ಇಲ್ಲೇ. ವೀಸಾ ನಿಯಮಗಳು ಬದಲಾಗುತ್ತಿರುತ್ತವೆ, ಅರ್ಜಿ ಹಾಕುವ ವರ್ಷದ ನಿಯಮವನ್ನು ಕಾಲೇಜಿನ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಿಂದ ಬರವಣಿಗೆಯಲ್ಲಿ ಪಡೆಯಿರಿ.

ಖರ್ಚಿನಲ್ಲೂ ಇದೇ ವ್ಯತ್ಯಾಸ. ಅಮೆರಿಕದ ಅನೇಕ ಸರ್ಕಾರಿ ಕಾಲೇಜುಗಳಲ್ಲಿ ಆ ರಾಜ್ಯದವರಿಗೆ ಒಂದು ಶುಲ್ಕ, ಹೊರಗಿನವರಿಗೆ ಹೆಚ್ಚಿನ ಶುಲ್ಕ. ಅಲ್ಲಿನ ಕೇಂದ್ರ ಸರ್ಕಾರದ ವಿದ್ಯಾರ್ಥಿ ಧನಸಹಾಯ ಎಫ್-1 ವಿದ್ಯಾರ್ಥಿಗೆ ಇಲ್ಲ. ಈ ಊರುಗಳು ಚಿಕ್ಕವು, ಸಸ್ಯಾಹಾರಕ್ಕೆ ಸ್ವಂತ ಅಡುಗೆಯೇ ಗತಿಯಾಗಬಹುದು. ಮೊದಲ ವರ್ಷ ಹಾಸ್ಟೆಲಿನ ಊಟದ ಯೋಜನೆ ಕಡ್ಡಾಯವೇ, ಅಡುಗೆಮನೆ ಇರುವ ಕೋಣೆ ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸುವುದು ಒಳ್ಳೆಯದು.

ಮರಳಿ ಬಂದರೆ? ಅಸೋಸಿಯೇಟ್ ಪದವಿ ನಮ್ಮ ಮೂರು ಅಥವಾ ನಾಲ್ಕು ವರ್ಷದ ಪದವಿಗೆ ಸಮ ಅಲ್ಲ. ಸ್ನಾತಕೋತ್ತರ ಓದಿಗೆ ಅಥವಾ ಪದವಿ ಕೇಳುವ ಸರ್ಕಾರಿ ಹುದ್ದೆಗೆ ಅದೊಂದೇ ಸಾಲದು. ಸ್ವಂತ ಕಾರ್ಖಾನೆಗೆ ಮರಳುವವರಿಗೆ ಮಾತ್ರ ಕಲಿತ ಕೆಲಸವೇ ಬಂಡವಾಳ, ಕಾಗದದ ಹೆಸರು ಮುಖ್ಯವಲ್ಲ.

ನಮ್ಮ ರಾಜ್ಯದಲ್ಲಿ ಇರುವ ದಾರಿ: ಮೈಸೂರಿನ ಸಿಪೆಟ್

ಭಾರತದಲ್ಲಿ ಅಸೋಸಿಯೇಟ್ ಪದವಿಗೆ ಅತ್ಯಂತ ಹತ್ತಿರದ ಓದು ಎಂದರೆ ಮೂರು ವರ್ಷದ ಡಿಪ್ಲೊಮಾ. ಈ ವಿಷಯಕ್ಕೆಂದೇ ಇರುವ ಕೇಂದ್ರ ಸರ್ಕಾರದ ಸಂಸ್ಥೆ ಸಿಪೆಟ್. ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದ ನೆರವಿನಿಂದ 1968ರಲ್ಲಿ ಚೆನ್ನೈನಲ್ಲಿ ಅದು ಆರಂಭವಾಯಿತು. ಆಗಿನ ಹೆಸರಿನಲ್ಲಿ ಪ್ಲಾಸ್ಟಿಕ್ಸ್ ಎಂದಿದ್ದ ಜಾಗದಲ್ಲಿ ಈಗ ಪೆಟ್ರೋಕೆಮಿಕಲ್ಸ್ ಎಂದಿದೆ, ಸಿಪೆಟ್ ಎಂಬ ಕರೆಯುವ ಹೆಸರು ಹಾಗೇ ಉಳಿದಿದೆ. ರಾಸಾಯನಿಕ ಮತ್ತು ರಸಗೊಬ್ಬರ ಸಚಿವಾಲಯದ ಕೆಳಗೆ ಅದು ನಡೆಯುತ್ತದೆ. ದೇಶದ ಹಲವು ರಾಜ್ಯಗಳಲ್ಲಿ ಕೇಂದ್ರಗಳಿವೆ. ಕರ್ನಾಟಕದ ಕೇಂದ್ರ 1991ರಿಂದ ಮೈಸೂರಿನಲ್ಲಿದೆ, ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ.

ಎಸ್ಸೆಸ್ಸೆಲ್ಸಿ ಆದವರಿಗೆ ಸಿಪೆಟ್ಟಿನಲ್ಲಿ ಎರಡು ಮುಖ್ಯ ಡಿಪ್ಲೊಮಾಗಳಿವೆ. ಒಂದು ಡಿ.ಪಿ.ಟಿ., ಪ್ಲಾಸ್ಟಿಕ್ಸ್ ಟೆಕ್ನಾಲಜಿ. ಇದರಲ್ಲಿ ವಸ್ತು, ಯಂತ್ರ, ಪರೀಕ್ಷೆಗೆ ಒತ್ತು. ಇನ್ನೊಂದು ಡಿ.ಪಿ.ಎಂ.ಟಿ., ಪ್ಲಾಸ್ಟಿಕ್ಸ್ ಮೋಲ್ಡ್ ಟೆಕ್ನಾಲಜಿ. ಇದರಲ್ಲಿ ಅಚ್ಚು ವಿನ್ಯಾಸ ಮತ್ತು ಅಚ್ಚು ತಯಾರಿಕೆಗೆ ಒತ್ತು. ಎರಡೂ ಆರು ಸೆಮಿಸ್ಟರ್. ಬಿ.ಎಸ್ಸಿ. ಆದವರಿಗೆ ಪ್ಲಾಸ್ಟಿಕ್ ಸಂಸ್ಕರಣೆ ಮತ್ತು ಪರೀಕ್ಷೆಯ ಎರಡು ವರ್ಷದ ಸ್ನಾತಕೋತ್ತರ ಡಿಪ್ಲೊಮಾ, ಮೆಕ್ಯಾನಿಕಲ್ ಡಿಪ್ಲೊಮಾ ಆದವರಿಗೆ ಅಚ್ಚು ವಿನ್ಯಾಸದ ಒಂದೂವರೆ ವರ್ಷದ ಪೋಸ್ಟ್ ಡಿಪ್ಲೊಮಾ ಕೂಡ ಸಿಪೆಟ್ ಕೋರ್ಸುಗಳಲ್ಲಿವೆ. ಯಾವ ಕೇಂದ್ರದಲ್ಲಿ ಆ ವರ್ಷ ಯಾವ ಕೋರ್ಸು, ಪ್ರವೇಶ ಪರೀಕ್ಷೆ ಯಾವಾಗ ಎಂಬುದನ್ನು ಸಿಪೆಟ್‌ನ ಅಧಿಕೃತ ಪ್ರಕಟಣೆಯಲ್ಲಿ ನೋಡಬೇಕು.

ವಯಸ್ಸಿನ ಲೆಕ್ಕ ನೋಡಿ. 16ಕ್ಕೆ ಎಸ್ಸೆಸ್ಸೆಲ್ಸಿ ಮುಗಿಸಿ ಡಿಪ್ಲೊಮಾ ಸೇರಿದವರು 19ಕ್ಕೆ ಕೆಲಸಕ್ಕೆ ಸಿದ್ಧ. 18ಕ್ಕೆ ಪಿಯುಸಿ ಮುಗಿಸಿ ಅಮೆರಿಕಕ್ಕೆ ಹೋದವರು 20ಕ್ಕೆ ಅಸೋಸಿಯೇಟ್ ಪದವೀಧರರು. ಕಲಿಯುವ ಕೆಲಸ ಬಹುಮಟ್ಟಿಗೆ ಒಂದೇ, ಖರ್ಚು ಅಜಗಜಾಂತರ.

ಡಿಪ್ಲೊಮಾದ ಮುಂದೆಯೂ ಮೆಟ್ಟಿಲಿದೆ. ಡಿಪ್ಲೊಮಾ ಆದವರು ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರಲು ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಡಿಸಿಇಟಿ ಪರೀಕ್ಷೆ ನಡೆಸುತ್ತದೆ. ನಿಮ್ಮ ಡಿಪ್ಲೊಮಾಕ್ಕೆ ಯಾವ ಯಾವ ಶಾಖೆ ತೆರೆದಿದೆ ಎಂದು ಸೇರುವ ಮೊದಲೇ ಪ್ರಾಧಿಕಾರದ ಮಾಹಿತಿ ಪುಸ್ತಿಕೆಯಲ್ಲಿ ನೋಡಿಕೊಳ್ಳಿ. ಪಿಯುಸಿ ವಿಜ್ಞಾನ ಓದಿದವರಿಗೆ ಮೈಸೂರಿನ ಎಸ್.ಜೆ.ಸಿ.ಇ. ಕಾಲೇಜಿನ ಪಾಲಿಮರ್ ಸೈನ್ಸ್ ಅಂಡ್ ಟೆಕ್ನಾಲಜಿ ವಿಭಾಗ ಇನ್ನೊಂದು ದಾರಿ. ಇಲ್ಲಿ ಬಿ.ಇ. ಮುಗಿಸಿದವರು ಅಮೆರಿಕಕ್ಕೆ ಸ್ನಾತಕೋತ್ತರ ಓದಿಗೆ ಹೋದರೆ ಮೇಲೆ ಹೇಳಿದ 24 ತಿಂಗಳ ವಿಸ್ತರಣೆಗೂ ಅರ್ಜಿ ಹಾಕಬಹುದು. ಹೊರಗೆ ಹೋಗಲೇಬೇಕೆಂಬ ಆಸೆಯಿದ್ದರೆ ಅನೇಕ ಕುಟುಂಬಗಳಿಗೆ ಈ ಕ್ರಮವೇ ಹೆಚ್ಚು ಕ್ಷೇಮ.

ಯಾರಿಗೆ ಯಾವುದು ಸರಿ?

ಎಸ್ಸೆಸ್ಸೆಲ್ಸಿ ಆಗಿದೆ, ಕೈ ಕೆಲಸದಲ್ಲಿ ಆಸಕ್ತಿ, ಬೇಗ ಉದ್ಯೋಗ ಅಥವಾ ಮನೆಯ ಕಾರ್ಖಾನೆ ನೋಡಿಕೊಳ್ಳಬೇಕು: ಸಿಪೆಟ್ ಡಿಪ್ಲೊಮಾ.

ಪಿಯುಸಿ ವಿಜ್ಞಾನ, ಗಣಿತ ಮತ್ತು ರಸಾಯನಶಾಸ್ತ್ರದಲ್ಲಿ ಗಟ್ಟಿ: ಪಾಲಿಮರ್ ಬಿ.ಇ., ಬೇಕಾದರೆ ಆಮೇಲೆ ವಿದೇಶ.

ಬಿ.ಎಸ್ಸಿ. ಆಗಿದೆ, ಕೆಲಸದ ದಾರಿ ಕಾಣುತ್ತಿಲ್ಲ: ಸಂಸ್ಕರಣೆ ಮತ್ತು ಪರೀಕ್ಷೆಯ ಸ್ನಾತಕೋತ್ತರ ಡಿಪ್ಲೊಮಾ.

ಕುಟುಂಬ ಈಗಾಗಲೇ ಅಮೆರಿಕದಲ್ಲಿ ನೆಲೆಸಿದೆ, ಮಗು ಅಲ್ಲಿನ ಪ್ರಜೆ ಅಥವಾ ಗ್ರೀನ್ ಕಾರ್ಡ್ ಹೊಂದಿದೆ: ಅಸೋಸಿಯೇಟ್ ಪದವಿ ನಿಜಕ್ಕೂ ಒಳ್ಳೆಯ ಆಯ್ಕೆ. ವೀಸಾದ ಅಡ್ಡಿ ಇಲ್ಲ, ಆ ರಾಜ್ಯದವರಾದ್ದರಿಂದ ಶುಲ್ಕವೂ ಕಡಿಮೆಯಾಗಬಹುದು, ಕೆಲಸ ಮಾಡುತ್ತಲೇ ಮುಂದಿನ ಎರಡು ವರ್ಷ ಓದಬಹುದು.

ಭಾರತದಿಂದ ಪಿಯುಸಿ ಮುಗಿಸಿ ನೇರವಾಗಿ ಹೋಗುವವರು: ಅದೇ ಕಾಲೇಜಿನಲ್ಲಿ ಬ್ಯಾಚುಲರ್ ಪದವಿಯೂ ಇರುವ ಕಡೆ ಮಾತ್ರ, ನಾಲ್ಕು ವರ್ಷದ ಖರ್ಚಿಗೆ ಸಿದ್ಧರಿದ್ದರೆ ಮಾತ್ರ.

ಹಣ ಕಟ್ಟುವ ಮೊದಲು ಕೇಳಬೇಕಾದ ಪ್ರಶ್ನೆಗಳು

1. ಈ ಪದವಿ ಎ.ಎಸ್. ಅಥವಾ ಎ.ಎ.ಎಸ್.? ಎಷ್ಟು ಕ್ರೆಡಿಟ್ ಮುಂದಿನ ಬ್ಯಾಚುಲರ್ ಪದವಿಗೆ ಎಣಿಕೆಯಾಗುತ್ತದೆ? ಉತ್ತರ ಬರವಣಿಗೆಯಲ್ಲಿ ಇರಲಿ.

2. ಕೋರ್ಸಿಗೆ ಎಬೆಟ್ ಮಾನ್ಯತೆ ಇದೆಯೇ? ಯಾವ ಮಟ್ಟಕ್ಕೆ?

3. ಪ್ರಯೋಗಾಲಯದಲ್ಲಿ ಯಾವ ಯಂತ್ರಗಳಿವೆ? ಒಂದು ಯಂತ್ರಕ್ಕೆ ಎಷ್ಟು ವಿದ್ಯಾರ್ಥಿಗಳು? ವಿದ್ಯಾರ್ಥಿಯೇ ಓಡಿಸುತ್ತಾನೆಯೇ ಅಥವಾ ನಿಂತು ನೋಡುವುದಷ್ಟೆಯೇ? ಸಿಪೆಟ್ಟಿಗೂ ಇದೇ ಪ್ರಶ್ನೆ ಕೇಳಬಹುದು.

4. ಕಾರ್ಖಾನೆಯಲ್ಲಿ ತರಬೇತಿ ಕೋರ್ಸಿನ ಭಾಗವೇ? ವಿದೇಶಿ ವಿದ್ಯಾರ್ಥಿಗೂ ಅದಕ್ಕೆ ಅನುಮತಿ ಸಿಗುತ್ತದೆಯೇ?

5. ಹಿಂದಿನ ವರ್ಷ ಮುಗಿಸಿದವರು ಎಲ್ಲಿ ಕೆಲಸಕ್ಕೆ ಸೇರಿದ್ದಾರೆ? ಅವರಲ್ಲಿ ಒಬ್ಬರೊಂದಿಗೆ ಮಾತಾಡಲು ಸಾಧ್ಯವೇ?

6. ಒಟ್ಟು ಖರ್ಚು ಎಷ್ಟು? ಎರಡು ವರ್ಷದ್ದಲ್ಲ, ಮುಂದಿನ ಮೆಟ್ಟಿಲಿನದನ್ನೂ ಸೇರಿಸಿ.

ಪ್ಲಾಸ್ಟಿಕ್ ಬೇಡವಾಗುತ್ತಿರುವ ಕಾಲದಲ್ಲಿ ಈ ಓದು ಏಕೆ?

ಈ ಪ್ರಶ್ನೆ ಮನೆಯ ಹಿರಿಯರಿಂದ ಬಂದೇ ಬರುತ್ತದೆ, ಬರಬೇಕು ಕೂಡ. ದೇಶದಲ್ಲಿ 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ನ ಹಲವು ವಸ್ತುಗಳು ನಿಷಿದ್ಧ. ಕೈಚೀಲದ ಕನಿಷ್ಠ ದಪ್ಪವನ್ನು ಅದೇ ವರ್ಷದ ಡಿಸೆಂಬರ್ 31ರಿಂದ 120 ಮೈಕ್ರಾನ್‌ಗೆ ಏರಿಸಲಾಯಿತು. ಪ್ಯಾಕಿಂಗ್ ಮಾಡುವವರು ತಾವು ಮಾರುಕಟ್ಟೆಗೆ ಬಿಟ್ಟ ಪ್ಲಾಸ್ಟಿಕ್ ಮರಳಿ ಸಂಸ್ಕರಣೆಯಾಗುವಂತೆ ನೋಡಿಕೊಳ್ಳುವ ಹೊಣೆಯೂ ನಿಯಮದಲ್ಲಿದೆ. ಈ ನಿಯಮಗಳಿಂದ ಗೊತ್ತಿಲ್ಲದವರ ವ್ಯಾಪಾರ ಕಷ್ಟವಾಗಿದೆ, ಗೊತ್ತಿರುವವರ ಅಗತ್ಯ ಹೆಚ್ಚಾಗಿದೆ. ಮರುಬಳಕೆಯ ದಾನಾದಲ್ಲಿ ಸರಪಳಿ ತುಂಡಾಗಿರುತ್ತದೆ, ಬೇರೆ ಬೇರೆ ಪ್ಲಾಸ್ಟಿಕ್ ಬೆರೆತಿರುತ್ತದೆ. ಪೆಟ್ ಕರಗುವುದು ಸುಮಾರು 250 ಡಿಗ್ರಿಗೆ, ಆ ಶಾಖದಲ್ಲಿ ಬೆರೆತ ಪಿವಿಸಿ ಸುಟ್ಟು ಇಡೀ ಮಾಲು ಕೆಡಿಸುತ್ತದೆ. ಇದನ್ನು ಬೇರ್ಪಡಿಸಿ, ಪರೀಕ್ಷಿಸಿ, ಮತ್ತೆ ಒಳ್ಳೆಯ ಮಾಲು ಮಾಡಲು ಓದಿದ ಕೈಗಳೇ ಬೇಕು. ರಕ್ತದ ಚೀಲ, ಸಿರಿಂಜು, ಹನಿ ನೀರಾವರಿಯ ಪೈಪು, ವಿದ್ಯುತ್ ತಂತಿಯ ಹೊದಿಕೆ ಇವಕ್ಕೆಲ್ಲ ಪ್ಲಾಸ್ಟಿಕ್ ಬೇಕೇ ಬೇಕು. ಕಡಿಮೆ ವಸ್ತುವಿನಲ್ಲಿ, ಹೆಚ್ಚು ಬಾಳುವಂತೆ, ಮತ್ತೆ ಬಳಸುವಂತೆ ಮಾಡುವುದು ಹೇಗೆ ಎಂಬುದೇ ಈ ಓದಿನ ಇಂದಿನ ತಿರುಳು.

ಹಾಗಾಗಿ ವಿಷಯ ಒಳ್ಳೆಯದೇ. ಅದನ್ನು ಯಾವ ಮೆಟ್ಟಿಲಿನಿಂದ ಹತ್ತಬೇಕು ಎಂಬುದು ಮಾತ್ರ ಪ್ರತಿ ಮನೆಗೂ ಬೇರೆ. ನಿರ್ಧಾರಕ್ಕೆ ಮೊದಲು ಒಂದು ಕೆಲಸ ಮಾಡಿ. ಪರಿಚಯದ ಯಾವುದಾದರೂ ಮೋಲ್ಡಿಂಗ್ ಕಾರ್ಖಾನೆಗೆ ಮಗುವನ್ನು ಕರೆದುಕೊಂಡು ಹೋಗಿ, ಒಂದು ಇಡೀ ಪಾಳಿ ಅಲ್ಲಿ ಇರಿಸಿ. ಯಂತ್ರದ ಸದ್ದು, ಶಾಖ, ವಾಸನೆಯ ನಡುವೆ ನಿಂತು, ಈ ಮುಚ್ಚಳ ಏಕೆ ಸೊಟ್ಟಗಾಯಿತು ಎಂದು ಮಗು ತಾನಾಗಿ ಕೇಳಿದರೆ, ಮುಂದಿನ ಮಾತು ಶುರುಮಾಡಬಹುದು.